ಡೋಣಿ ನದಿಯ ಉಪ್ಪು, ಬೋರ್‌ವೆಲ್ಲಿನ ನೈಟ್ರೇಟ್: ಕಲ್ಲಿನ ಪಾಲೆಷ್ಟು, ನಮ್ಮ ಪಾಲೆಷ್ಟು?

ನೀರಿನ ಪರೀಕ್ಷೆ ಮಾಡಿಸಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಈ ನೀರು ಕುಡಿಯಬಹುದಾ? ಇದನ್ನು ಕೆಡಿಸಿದ್ದು ಯಾರು? ಲ್ಯಾಬಿನ ವರದಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಆದರೆ ಜನ ಅದೇ ಹಾಳೆ ಹಿಡಿದುಕೊಂಡು ಎರಡನೆಯದಕ್ಕೂ ತೀರ್ಪು ಕೊಟ್ಟುಬಿಡುತ್ತಾರೆ. ವಿಜಯಪುರದ ಕಡೆ ಬೋರ್‌ವೆಲ್ ನೀರು ಸವಳು ಬಂದರೆ "ನಮ್ಮ ಭೂಮಿನೇ ಹಂಗ" ಅಂತ ಕೈತೊಳೆದುಕೊಳ್ಳುವವರು ಒಂದು ಕಡೆ, ಮುಧೋಳ, ಜಮಖಂಡಿ ಕಡೆ ಏನೇ ಕೆಟ್ಟರೂ "ಫ್ಯಾಕ್ಟರಿಯವರದ್ದೇ ಕೆಲಸ" ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜ ಇರಬಹುದು, ಇಬ್ಬರದೂ ಸುಳ್ಳಿರಬಹುದು. ತೂಗಿ ನೋಡೋಣ ಅಂದ್ರೆ ಅದಕ್ಕೆ ಬೇಕಾದ ಒಂದು ಅಂಕಿ ನಮ್ಮ ವರದಿಗಳಲ್ಲಿ ಇರುವುದೇ ಇಲ್ಲ. ಮನುಷ್ಯ ಕೈ ಹಾಕದೇ ಇದ್ದಿದ್ದರೆ ಇದೇ ಜಾಗದಲ್ಲಿ ಈ ನೀರು, ಈ ಮಣ್ಣು ಹೇಗಿರುತ್ತಿತ್ತು ಅನ್ನುವ ಅಂಕಿ. ಅದನ್ನು ಸಹಜ ಮಟ್ಟ ಅಂತ ಕರೆಯೋಣ.

ವರದಿಯಲ್ಲಿ ಇರುವುದು ಮಿತಿ. ಕುಡಿಯುವ ನೀರಿಗೆ ನಮ್ಮ ದೇಶದಲ್ಲಿ ಐಎಸ್ 10500 ಅನ್ನುವ ಮಾನದಂಡ ಇದೆ, 2012ರದ್ದು. ಅದರ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ 1ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಪರವಾಗಿಲ್ಲ. ಕರಗಿದ ಲವಣ, ಅಂದ್ರೆ ಟಿಡಿಎಸ್, 500ರ ಒಳಗಿರಬೇಕು, ಗತಿಯಿಲ್ಲದಿದ್ದರೆ 2000. ಈ ಅಂಕಿಗಳೆಲ್ಲ ಹುಟ್ಟಿದ್ದು ಮನುಷ್ಯನ ದೇಹ ನೋಡಿ. ನೈಟ್ರೇಟಿಗೆ 45 ಅಂತ ಇಟ್ಟಿದ್ದು ಬಾಟಲಿ ಹಾಲು ಕುಡಿಯುವ ಹಸುಗೂಸುಗಳ ರಕ್ತ ಆಮ್ಲಜನಕ ಸಾಗಿಸದೆ ಮೈ ನೀಲಿಗಟ್ಟುವ ಕಾಯಿಲೆಯ ಲೆಕ್ಕದಲ್ಲಿ. ನೆಲದೊಳಗೆ ಏನಾಗಿದೆ ಅನ್ನುವುದಕ್ಕೂ ಈ 45ಕ್ಕೂ ಸಂಬಂಧವೇ ಇಲ್ಲ.

ಹಾಗಾಗಿ ನೈಟ್ರೇಟ್ 38 ಬಂದ ಬಾವಿಯ ವರದಿಯಲ್ಲಿ "ಮಿತಿಯೊಳಗಿದೆ" ಅಂತ ಬರೆದಿರುತ್ತದೆ. ಸರಿ, ಕುಡಿಯಬಹುದು. ಆದರೆ ನಮ್ಮ ಕಡೆಯ ಕಲ್ಲಿನಲ್ಲಿ ನೈಟ್ರೇಟ್ ಅನ್ನುವುದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಯುರೋಪಿನಲ್ಲಿ ಅಂತರ್ಜಲದ ಸಹಜ ಮಟ್ಟ ಕಟ್ಟುವಾಗ ಮೊದಲು ಒಂದು ಜರಡಿ ಹಿಡಿಯುತ್ತಾರೆ: ನೈಟ್ರೇಟ್ 10 ದಾಟಿದ ಬಾವಿಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕುತ್ತಾರೆ, ಯಾಕಂದ್ರೆ ಅಷ್ಟಿದ್ದರೆ ಅಲ್ಲಿಗೆ ಮನುಷ್ಯನ ಕೈ ತಲುಪಿದೆ ಅಂತಲೇ ಅರ್ಥ. ಆ ಲೆಕ್ಕದಲ್ಲಿ 38ರ ಬಾವಿ ಚೆನ್ನಾಗಿಯೇ ಕೆಟ್ಟಿದೆ. ಹೋದ ವರ್ಷ 90 ಅಂಕ ತೆಗೆದ ಹುಡುಗ ಈ ಸಲ 40 ತೆಗೆದ ಅಂದ್ರೆ ಪಾಸೇನೋ ಆಗಿದ್ದಾನೆ, ಆದರೆ ಮನೆಯವರು ಸುಮ್ನೆ ಕೂರುತ್ತಾರಾ?

ಕೇಂದ್ರ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ವರದಿ ನೈಟ್ರೇಟ್ 45 ದಾಟಿದ ಬಾವಿ ಇರುವ 440 ಜಿಲ್ಲೆಗಳನ್ನು ಗುರುತಿಸಿತ್ತು. ಕರ್ನಾಟಕದ ಮಾದರಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈ ಮಿತಿ ದಾಟಿದ್ದವು. ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿಯಾಯಿತು. ನನಗೆ ಆ ಅರ್ಧದ ಚಿಂತೆ ಇದೆ ನಿಜ, ಆದರೆ 10ರಿಂದ 45ರ ನಡುವೆ ಕೂತಿರುವ ಬಾವಿಗಳ ಚಿಂತೆ ಇನ್ನೂ ಜಾಸ್ತಿ. ಅವು ಯಾವ ಸುದ್ದಿಯಲ್ಲೂ ಬರುವುದಿಲ್ಲ. ಇನ್ನು ನಾಲ್ಕು ಹಂಗಾಮು ನೈಟ್ರೇಟ್ ಹೆಚ್ಚಿಸುವ ಯೂರಿಯಾ ಗೊಬ್ಬರ ಬಿದ್ದರೆ ಅವೂ ಸುದ್ದಿಗೆ ಬರುತ್ತವೆ, ಆದರೆ ಆಗ ತಡೆಯಲು ಏನೂ ಉಳಿದಿರುವುದಿಲ್ಲ.

ಡೋಣಿ ವಿಷಯಕ್ಕೆ ಬರೋಣ

"ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಅಂತ ನಮ್ಮ ಕಡೆ ಮಾತಿದೆ. ಡೋಣಿ ಸಾಲಿನ ಎರೆಭೂಮಿ ಅಷ್ಟು ಫಲವತ್ತು. ಅದೇ ಡೋಣಿಯ ನೀರು ಮಾತ್ರ ಉಪ್ಪು. ಮಹಾರಾಷ್ಟ್ರದ ಜತ್ತ ಕಡೆ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಹಾದು ಕೃಷ್ಣೆ ಸೇರುವ ಈ ನದಿ ಮಳೆಗಾಲದಲ್ಲಿ ಹೊಲಕ್ಕೆ ನುಗ್ಗುತ್ತದೆ, ತಾಳಿಕೋಟೆ ಕಡೆ ಸೇತುವೆ ಮುಳುಗಿಸುತ್ತದೆ. ಬೇಸಿಗೆಯಲ್ಲಿ ಅಲ್ಲಲ್ಲಿ ಮಡುಗಟ್ಟಿ ನಿಂತು ಸವಳಾಗುತ್ತದೆ. ಇದು ಸಕ್ಕರೆ ಕಾರ್ಖಾನೆಗಳಿಗಿಂತ, ಕಾಲುವೆಗಳಿಗಿಂತ ಎಷ್ಟೋ ಹಳೆಯ ಕತೆ.

ಕಾರಣ ಸರಳ. ವಿಜಯಪುರದ ನೆಲದ ಬಹುಭಾಗ ದಖನ್ ಬಸಾಲ್ಟು, ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಗಟ್ಟಿಯಾದ ಕರಿಕಲ್ಲು. ಅದು ಕರಗಿ ಆದ ಎರೆಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಬಿಸಿಲು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನೀರನ್ನು ಎಳೆದುಕೊಳ್ಳುವಷ್ಟಿದೆ. ಕಲ್ಲು ಕರಗಿ ಬಂದ ಲವಣ ತೊಳೆದು ಹೋಗಲು ಮಳೆ ಸಾಲದು, ಹಾಗಾಗಿ ಅಲ್ಲೇ ಕೂರುತ್ತದೆ. ಇಂಥ ನದಿಯ ನೀರಿನ ಟಿಡಿಎಸ್ ನೋಡಿ, 500 ದಾಟಿದೆ ಅಂತ ಹೇಳಿ, ಮಾಲಿನ್ಯ ಅಂತ ಬರೆದರೆ ಅದು ತಪ್ಪು ಲೆಕ್ಕ.

ಇದನ್ನೇ ಉಲ್ಟಾ ಮಾಡಿದರೂ ತಪ್ಪೇ. "ಡೋಣಿ ಮೊದಲಿಂದಲೂ ಉಪ್ಪು" ಅನ್ನುವ ಒಂದು ವಾಕ್ಯದ ಹಿಂದೆ ಊರಿನ ಚರಂಡಿ, ಕಬ್ಬಿನ ಹೊಲದ ಬಸಿನೀರು, ಇನ್ನೇನೇನೋ ಬಚ್ಚಿಡಬಹುದು. ಡೋಣಿಗೆ ಸಹಜ ಮಟ್ಟ ಅನ್ನುವುದು ಒಂದೇ ಅಂಕಿ ಅಲ್ಲ. ಆಗಸ್ಟಿನಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು. ಕೇಳಬೇಕಾದ ಪ್ರಶ್ನೆ: ಇದೇ ಜಾಗದಲ್ಲಿ, ಇದೇ ತಿಂಗಳಲ್ಲಿ, ಇದೇ ಥರದ ಹರಿವಿನಲ್ಲಿ ಮೊದಲು ಎಷ್ಟಿರುತ್ತಿತ್ತು, ಈಗೆಷ್ಟು? ಜೊತೆಗೆ ಕಲ್ಲು ಕೊಡದ ವಸ್ತುಗಳನ್ನು ನೋಡಬೇಕು: ನೈಟ್ರೇಟ್, ಅಮೋನಿಯಾ, ಮಲದ ಬ್ಯಾಕ್ಟೀರಿಯಾ. ಉಪ್ಪು ಹೆಚ್ಚಿ ಇವು ಯಾವುವೂ ಹೆಚ್ಚದಿದ್ದರೆ ಕಲ್ಲಿನ ಕಡೆ ಬೆರಳು ತೋರಿಸಬಹುದು. ಉಪ್ಪಿನ ಜೊತೆ ಇವೂ ಏರಿದ್ದರೆ ಕಲ್ಲನ್ನು ಬಿಟ್ಟು ಊರಿನ ಕಡೆ ತಿರುಗಬೇಕು.

ಹೋಲಿಕೆಗೆ ಜಾಗ ಆರಿಸುವಾಗಲೂ ಹುಷಾರಾಗಿರಬೇಕು. ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿ ಕಡೆ ಹಳ್ಳಗಳು ಇನ್ನೂ ತಿಳಿಯಾಗಿವೆ. "ಶುದ್ಧ ನದಿ ಅಂದ್ರೆ ಹೀಗಿರಬೇಕು" ಅಂತ ಅಲ್ಲಿಯ ನೀರು ತಂದು ಡೋಣಿ ಪಕ್ಕ ಇಟ್ಟರೆ ಡೋಣಿ ಯಾವಾಗಲೂ ಸೋಲುತ್ತದೆ. ಕಣಕುಂಬಿಯಲ್ಲಿ ಘಟ್ಟದ ಮಳೆ, ಕಾಡು, ತೊಳೆದು ತೊಳೆದು ಉಪ್ಪೆಲ್ಲ ಹೋದ ಕೆಂಪು ಜಂಬಿಟ್ಟಿಗೆ ಮಣ್ಣು. ಮೇಲಿನ ಮಲಪ್ರಭೆಯನ್ನು ಘಟ್ಟದ ಇನ್ನೊಂದು ಹಳ್ಳದ ಜೊತೆ ಹೋಲಿಸಬೇಕು, ಡೋಣಿಯನ್ನು ಎರೆಸೀಮೆಯ ಇನ್ನೊಂದು ಹಳ್ಳದ ಜೊತೆ. ಯುರೋಪಿಯನ್ ಒಕ್ಕೂಟದ 2000ದ ನೀರಿನ ಕಾಯ್ದೆ ನಿಂತಿರುವುದೇ ಇದರ ಮೇಲೆ. ಅವರು ನದಿಗಳನ್ನು ಕಲ್ಲು, ಎತ್ತರ, ಗಾತ್ರದ ಮೇಲೆ ಮೊದಲು ಗುಂಪು ಮಾಡುತ್ತಾರೆ. ಪ್ರತಿ ಗುಂಪಿಗೂ ಅದರದೇ ಸಹಜ ಸ್ಥಿತಿ ಬರೆದಿಡುತ್ತಾರೆ. ಆಮೇಲೆ ಈಗಿನ ಸ್ಥಿತಿಯನ್ನು ಅದರಿಂದ ಭಾಗಿಸುತ್ತಾರೆ. 1ರ ಹತ್ತಿರ ಬಂದರೆ ನದಿ ಚೆನ್ನಾಗಿದೆ, 0 ಕಡೆ ಇಳಿದಷ್ಟೂ ಹಾಳಾಗಿದೆ. ಸ್ವೀಡನ್ 1990ರ ದಶಕದಲ್ಲೇ ಕೆರೆ, ನದಿ, ಅಂತರ್ಜಲಕ್ಕೆ ಎರಡು ಬೇರೆ ಬೇರೆ ಅಂಕ ಕೊಡುವ ಪದ್ಧತಿ ಮಾಡಿಕೊಂಡಿತ್ತು: ಈಗ ಹೇಗಿದೆ ಅನ್ನುವುದಕ್ಕೆ ಒಂದು, ಸಹಜ ಮಟ್ಟದಿಂದ ಎಷ್ಟು ದೂರ ಸರಿದಿದೆ ಅನ್ನುವುದಕ್ಕೆ ಇನ್ನೊಂದು.

ನಮ್ಮಲ್ಲಿ ಇರುವುದು ಬಳಕೆಯ ಲೆಕ್ಕ ಮಾತ್ರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಎ ಇಂದ ಇ ತನಕ ಐದು ದರ್ಜೆ ಮಾಡಿದೆ. ಬಿ ಅಂದ್ರೆ ಸ್ನಾನಕ್ಕೆ, ಸಿ ಅಂದ್ರೆ ಶುದ್ಧೀಕರಿಸಿ ಕುಡಿಯಲು, ಇ ಅಂದ್ರೆ ನೀರಾವರಿಗೆ. ಸಿ ದರ್ಜೆಗೆ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಇದ್ದರೆ ಸಾಕು. ಈಗ ಒಂದು ಚಿಕ್ಕ ಲೆಕ್ಕ. 20 ಡಿಗ್ರಿಯ ನೀರು ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಗೆ ಬಂದರೆ ಅದು ಏಳೂವರೆ ಚಿಲ್ಲರೆಗೆ ಇಳಿಯುತ್ತದೆ, ನಮ್ಮೂರಿನ ಎತ್ತರಕ್ಕೆ ಇನ್ನೂ ಸ್ವಲ್ಪ ಕಮ್ಮಿ. ಹಾಗಾದರೆ ಮೇ ತಿಂಗಳಲ್ಲಿ ಘಟಪ್ರಭೆಯಲ್ಲಿ 6.5 ಬಂದರೆ ಅದು ಹೆಚ್ಚುಕಮ್ಮಿ ತುಂಬಿದ ಕೊಡ. ಡಿಸೆಂಬರಿನ ತಣ್ಣಗಿನ ನೀರಿನಲ್ಲಿ ಅದೇ 6.5 ಬಂದರೆ ಎಲ್ಲೋ ಯಾವುದೋ ಕೊಳಕು ಆಮ್ಲಜನಕ ತಿನ್ನುತ್ತಿದೆ. ದರ್ಜೆ ಮಾತ್ರ ಎರಡೂ ಸಲ ಒಂದೇ.

ಕೃಷ್ಣೆಯದು ಇನ್ನೊಂದು ಪಂಚಾಯ್ತಿ. ಆಲಮಟ್ಟಿಯಲ್ಲಿ 519.6 ಮೀಟರ್ ತನಕ ನೀರು ನಿಂತಾಗ ಬಾಗಲಕೋಟೆ ಕಡೆ ಅದು ನದಿ ಅಲ್ಲ, ಸರೋವರ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳೇ ಅದರಡಿ ಹೋಗಿವೆ. ಹರಿಯುವ ನದಿಯ ಸಹಜ ಮಟ್ಟವನ್ನು ಅದಕ್ಕೆ ಹಚ್ಚಿದರೆ ಅರ್ಥವೇ ಇಲ್ಲ. ಯುರೋಪಿನವರು ಇಂಥದ್ದಕ್ಕೆ "ತುಂಬ ಬದಲಾದ ಜಲರಾಶಿ" ಅಂತ ಬೇರೆ ಕಟ್ಟು ಮಾಡಿ, ಅಣೆಕಟ್ಟು ಇದ್ದೂ ಎಷ್ಟು ಚೆನ್ನಾಗಿರಬಹುದು ಅನ್ನುವ ಇನ್ನೊಂದು ಗುರಿ ಇಡುತ್ತಾರೆ. ನಾವೂ ಹಾಗೇ ಮಾಡಬೇಕು, ಬೇರೆ ದಾರಿ ಕಾಣುವುದಿಲ್ಲ.

ಒಂದು ಚೀಲ ಮಣ್ಣು, ಎರಡು ತೀರ್ಪು

ಸಹಜ ಮಟ್ಟ ತಪ್ಪಾಗಿ ಆರಿಸಿದರೆ ಏನಾಗುತ್ತದೆ ಅನ್ನುವುದು ಮಣ್ಣಿನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಲೋಹಗಳ ಮಾಲಿನ್ಯ ಅಳೆಯಲು ಜರ್ಮನಿಯ ಮುಲ್ಲರ್ 1969ರಲ್ಲಿ ಒಂದು ಸೂತ್ರ ಕೊಟ್ಟ. ಮಣ್ಣಿನಲ್ಲಿ ಸಿಕ್ಕ ಲೋಹವನ್ನು ಅದರ ಸಹಜ ಮಟ್ಟದ ಒಂದೂವರೆ ಪಟ್ಟಿನಿಂದ ಭಾಗಿಸಿ, ಬಂದದ್ದಕ್ಕೆ ಎರಡರ ಲಾಗ್ (ಎರಡನ್ನು ಎಷ್ಟು ಸಲ ಗುಣಿಸಿದರೆ ಆ ಸಂಖ್ಯೆ ಬರುತ್ತದೆ ಅನ್ನುವ ಲೆಕ್ಕ) ತೆಗೆಯುವುದು. ಉತ್ತರ ಸೊನ್ನೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ಮಣ್ಣು ಸ್ವಚ್ಛ. 1ರಿಂದ 2ರ ನಡುವೆ ಬಂದರೆ ಮಧ್ಯಮ ಮಾಲಿನ್ಯ. ಹೀಗೇ ಮೇಲಕ್ಕೆ ಹೋಗುತ್ತದೆ. ಆ ಒಂದೂವರೆ ಪಟ್ಟು ಯಾಕೆ ಅಂದ್ರೆ, ನಿಸರ್ಗದಲ್ಲೇ ಅಲ್ಲಿಂದಿಲ್ಲಿಗೆ ಹೆಚ್ಚುಕಮ್ಮಿ ಇರುತ್ತದೆ, ಅದನ್ನು ಮಾಲಿನ್ಯ ಅನ್ನಬಾರದು ಅಂತ.

ಸಹಜ ಮಟ್ಟಕ್ಕೆ ಬಹಳಷ್ಟು ಅಧ್ಯಯನಗಳು ಕಣ್ಣುಮುಚ್ಚಿ ಹಾಕುವುದು 1961ರಲ್ಲಿ ವಿಜ್ಞಾನಿಗಳಾದ ಟ್ಯುರೆಕಿಯನ್ ಮತ್ತು ವೆಡೆಪೋಲ್ ಕೊಟ್ಟ ಪಟ್ಟಿಯ ಸರಾಸರಿ ಜೇಡಿಶಿಲೆಯ ಅಂಕಿ: ನಿಕ್ಕಲ್ 68 ಪಿಪಿಎಂ (ಅಂದ್ರೆ ಹತ್ತು ಲಕ್ಷ ಪಾಲಿನಲ್ಲಿ 68), ಸೀಸ 20. ಅದೇ ಪಟ್ಟಿಯಲ್ಲಿ ಬಸಾಲ್ಟಿನ ಅಂಕಿಯೂ ಇದೆ: ನಿಕ್ಕಲ್ 130, ಸೀಸ ಬರೀ 6. ಗ್ರಾನೈಟಿನಲ್ಲಿ ನಿಕ್ಕಲ್ ನಾಲ್ಕೂವರೆ, ಸೀಸ 19. ಒಂದೇ ಭೂಮಿಯ ಕಲ್ಲುಗಳು, ಎಷ್ಟು ಫರಕು ನೋಡಿ.

ಈಗ ಬಸವನ ಬಾಗೇವಾಡಿ ಕಡೆಯ ಒಂದು ಎರೆಹೊಲದಿಂದ, ಹೆದ್ದಾರಿ ಪಕ್ಕದ್ದೇ ಅಂದುಕೊಳ್ಳಿ, ಒಂದು ಚೀಲ ಮಣ್ಣು ತಂದಿದ್ದೇವೆ. ಇದು ಲೆಕ್ಕಕ್ಕಾಗಿ ಮಾಡಿಕೊಂಡ ಉದಾಹರಣೆ, ನಿಜವಾದ ಹೊಲ ಅಲ್ಲ. ನಿಕ್ಕಲ್ 110, ಸೀಸ 30 ಬಂತು. ಜೇಡಿಶಿಲೆಯ ಅಂಕಿ ಹಾಕಿ ನೋಡಿ. ನಿಕ್ಕಲ್: 110 ಭಾಗಿಸು 102, ಲಾಗ್ ತೆಗೆದರೆ 0.1. ಸೊನ್ನೆ ದಾಟಿತು, ಅಂದ್ರೆ ಸ್ವಲ್ಪ ಮಾಲಿನ್ಯ. ಸೀಸ: 30 ಭಾಗಿಸು 30, ಲಾಗ್ ಸೊನ್ನೆ, ಸ್ವಚ್ಛ. ವರದಿಯಲ್ಲಿ "ನಿಕ್ಕಲ್ ಮಾಲಿನ್ಯ ಪತ್ತೆ" ಅಂತ ಬರುತ್ತದೆ.

ಅದೇ ಚೀಲಕ್ಕೆ ಬಸಾಲ್ಟಿನ ಅಂಕಿ ಹಾಕಿ. ನಿಕ್ಕಲ್: 110 ಭಾಗಿಸು 195, ಲಾಗ್ ಮೈನಸ್ 0.8. ಏನೂ ಇಲ್ಲ, ಕಲ್ಲಿನದೇ ಸರಕು. ಸೀಸ: 30 ಭಾಗಿಸು 9, ಲಾಗ್ 1.7. ಮಧ್ಯಮ ಮಾಲಿನ್ಯ! ಮೊದಲ ಲೆಕ್ಕದಲ್ಲಿ ಕಳ್ಳನಾಗಿದ್ದ ನಿಕ್ಕಲ್ ಈಗ ಬಿಡುಗಡೆಯಾಯಿತು. ಸಾಧುವಿನ ಹಾಗೆ ಕೂತಿದ್ದ ಸೀಸ ಸಿಕ್ಕಿಬಿತ್ತು. ಸೀಸಕ್ಕೆ ಅಲ್ಲಿ ಕಾರಣವೂ ಸಿಗುತ್ತದೆ. ನಮ್ಮ ದೇಶದಲ್ಲಿ 2000ದ ಫೆಬ್ರವರಿ ತನಕ ಪೆಟ್ರೋಲಿನಲ್ಲಿ ಸೀಸ ಇತ್ತು. ಅದು ಹೊಗೆಯಲ್ಲಿ ಹೊರಬಂದು ರಸ್ತೆಬದಿಯ ಮಣ್ಣಿನಲ್ಲಿ ಕೂತರೆ ಸುಲಭಕ್ಕೆ ಹೋಗುವುದಿಲ್ಲ.

ಬಸಾಲ್ಟಿನ ಈ ಅಂಕಿಯೂ ಕೊನೇ ಮಾತೇನಲ್ಲ. ಅದು ಇಡೀ ಜಗತ್ತಿನ ಸರಾಸರಿ. ಕಲ್ಲು ಮಣ್ಣಾಗುವಾಗ ಕೆಲವು ಲೋಹ ಹೋಗುತ್ತದೆ, ಕೆಲವು ಉಳಿಯುತ್ತದೆ, ಗಾಳಿಯಲ್ಲಿ ಬಂದ ದೂಳೂ ಸೇರಿರುತ್ತದೆ. ಸರಿಯಾದ ದಾರಿ ಅಂದ್ರೆ ಅದೇ ಹೊಲದಲ್ಲಿ ಕೆಳಗೆ ಒಂದೂವರೆ ಮೀಟರ್ ಅಗೆದು ಅಲ್ಲಿಯ ಮಣ್ಣನ್ನೂ ಅಳೆಯುವುದು. ಮೇಲಿನ ಮಣ್ಣಿನ ಸೀಸ ಕೆಳಗಿನದಕ್ಕಿಂತ ಮೂರು ಪಟ್ಟು ಇದ್ದರೆ ಅದು ಮೇಲಿಂದ ಬಿದ್ದದ್ದು. ಎರಡೂ ಕಡೆ ನಿಕ್ಕಲ್ ಒಂದೇ ಇದ್ದರೆ ಅದು ಕಲ್ಲಿನದು. ಜೇಡಿ ಜಾಸ್ತಿ ಇರುವ ಮಣ್ಣು ಸಹಜವಾಗಿಯೇ ಲೋಹ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಅಲ್ಯುಮಿನಿಯಂ ಅಳೆದು ಅದರ ಅನುಪಾತದಲ್ಲಿ ಹೋಲಿಸುತ್ತಾರೆ. ಎರೆಮಣ್ಣು ಬಿರುಕು ಬಿಟ್ಟು, ಮೇಲಿನ ಮಣ್ಣು ಬಿರುಕಿಗೆ ಬಿದ್ದು, ತಾನೇ ತಾನು ಮಗುಚಿಕೊಳ್ಳುವ ಗುಣದ್ದು. ಇದು ಈ ಪರೀಕ್ಷೆಯನ್ನು ಸ್ವಲ್ಪ ಕಲಸುಮೇಲೋಗರ ಮಾಡುತ್ತದೆ, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬೇರೆ ದೇಶದ ಮಿತಿ ತಂದು ಹಚ್ಚುವವರೂ ಇದ್ದಾರೆ. ಫಿನ್‌ಲ್ಯಾಂಡಿನ 2007ರ ನಿಯಮದಲ್ಲಿ ಮಣ್ಣಿನ ನಿಕ್ಕಲ್ 50 ಪಿಪಿಎಂ ದಾಟಿದರೆ ಪರಿಶೀಲಿಸಿ ಅಂತ ಇದೆ. ಅದನ್ನು ಸಂಶೋಧಕರು ಎಲ್ಲೆಲ್ಲೋ ಬಳಸುತ್ತಾರೆ. ನಮ್ಮ ಎರೆಭೂಮಿಗೆ ಅದನ್ನು ಹಾಕಿದರೆ ಮಾಲ್ದಂಡಿ ಜೋಳ ಬಿಟ್ಟು ಬೇರೇನೂ ಕಾಣದ ಹೊಲವೂ "ಕಲುಷಿತ" ಆಗಿಬಿಡಬಹುದು. ತಮಾಷೆ ಅಂದ್ರೆ ಆ ಫಿನ್‌ಲ್ಯಾಂಡಿನ ನಿಯಮದಲ್ಲೇ, ಸಹಜ ಮಟ್ಟವೇ ಮಿತಿಗಿಂತ ಜಾಸ್ತಿ ಇರುವ ಕಡೆ ಸಹಜ ಮಟ್ಟವನ್ನೇ ಅಳತೆಗೋಲು ಮಾಡಿಕೊಳ್ಳಿ ಅಂತ ಬರೆದಿದ್ದಾರೆ. ಅಂಕಿ ಕಾಪಿ ಹೊಡೆಯುವವರು ಆ ಸಾಲು ಬಿಟ್ಟುಬಿಡುತ್ತಾರೆ.

ಫ್ಲೋರೈಡ್: ಕಲ್ಲಿನದೂ ಹೌದು, ನಮ್ಮದೂ ಹೌದು

ಕಲ್ಲಿನ ಪಾಲು, ನಮ್ಮ ಪಾಲು ಅಂತ ಯಾವಾಗಲೂ ಕತ್ತರಿಸಿ ಬೇರೆ ಮಾಡಲು ಆಗುವುದಿಲ್ಲ. ಬಾಗಲಕೋಟೆ ಜಿಲ್ಲೆ ಇದಕ್ಕೆ ಒಳ್ಳೆಯ ಪಾಠ, ಯಾಕಂದ್ರೆ ಒಂದೇ ಜಿಲ್ಲೆಯಲ್ಲಿ ಎಲ್ಲ ಥರದ ಕಲ್ಲೂ ಇದೆ. ಬಾದಾಮಿಯಲ್ಲಿ ಮರಳುಗಲ್ಲು, ಲೋಕಾಪುರದ ಕಡೆ ಸುಣ್ಣದಕಲ್ಲು, ಹುನಗುಂದ, ಇಳಕಲ್ಲಿನಲ್ಲಿ ಗ್ರಾನೈಟು. ಲೋಕಾಪುರದ ಕಡೆ ಪಾತ್ರೆಗೆ ಬಿಳಿ ಪದರ ಕಟ್ಟಿದರೆ ಅದಕ್ಕೆ ಯಾವ ಕಾರ್ಖಾನೆಯೂ ಬೇಕಿಲ್ಲ, ಸುಣ್ಣದಕಲ್ಲಿನ ನೀರು ಗಡಸು ಇರಲೇಬೇಕು. ಗ್ರಾನೈಟಿನ ಕಡೆ ಅಭ್ರಕದಂಥ ಖನಿಜಗಳಿಂದ ಫ್ಲೋರೈಡ್ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಮ್ಮಿಯಾಗಿ ನೀರು ಕ್ಷಾರವಾದರೆ ಫ್ಲೋರೈಡ್ ನೀರಲ್ಲೇ ಉಳಿಯುತ್ತದೆ. ನೀರು ಕಲ್ಲಿನ ಜೊತೆ ಎಷ್ಟು ಹೆಚ್ಚು ಕಾಲ ಕೂತಿರುತ್ತದೋ ಅಷ್ಟು ಜಾಸ್ತಿ.

ಹಾಗಾದರೆ ಅದು ಪೂರ್ತಿ ಸಹಜ, ಯಾರದೂ ತಪ್ಪಿಲ್ಲ ಅನ್ನಬೇಕಾ? ಹಿಂದೆ ಊರು ಕುಡಿಯುತ್ತಿದ್ದದ್ದು ಸೇದುವ ಬಾವಿ, ಕೆರೆಯ ನೀರು. ಆ ನೀರು ನಿನ್ನೆ ಮೊನ್ನೆ ಬಿದ್ದ ಮಳೆಯದು. ಕಲ್ಲಿನ ಜೊತೆ ಅದಕ್ಕೆ ಅಷ್ಟು ಸಲಿಗೆ ಇರಲಿಲ್ಲ. ಮೇಲಿನ ನೀರನ್ನು ಪಂಪ್ ಹಚ್ಚಿ ಖಾಲಿ ಮಾಡಿದೆವು. ಆಮೇಲೆ 300 ಅಡಿ, 500 ಅಡಿ ಅಂತ ಇಳಿದೆವು. ಅಲ್ಲಿಯ ನೀರು ಕಲ್ಲಿನ ಬಿರುಕಿನಲ್ಲಿ ಎಷ್ಟೋ ಕಾಲದಿಂದ ಕೂತದ್ದು. ಅದರ ಫ್ಲೋರೈಡ್ ಅಲ್ಲಿ ಸಹಜವೇ. ಅದು ನಮ್ಮ ಕೊಡಕ್ಕೆ ಬಂದದ್ದು ಸಹಜ ಅಲ್ಲ. ಹಾಗಾಗಿ "ಫ್ಲೋರೈಡ್ ನೈಸರ್ಗಿಕ" ಅಂತ ಬರೆದ ವರದಿ ನೋಡಿದಾಗೆಲ್ಲ ನಾನು ಮೊದಲು ಹುಡುಕುವುದು ಬೋರಿನ ಆಳ ಎಲ್ಲಿ ಬರೆದಿದೆ ಅಂತ. ಬಹಳ ಸಲ ಬರೆದೇ ಇರುವುದಿಲ್ಲ.

ಅದಕ್ಕೆ ಪರಿಹಾರ ಅಂತ ಊರೂರಿಗೆ ಶುದ್ಧ ನೀರಿನ ಘಟಕ ಬಂತು. ಐದು ರೂಪಾಯಿ ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಒಳ್ಳೆಯದೇ, ಬೇಡ ಅನ್ನುವವನಲ್ಲ. ಆದರೆ ಅದು ಹೊರಗೆ ಬಿಡುವ ಉಪ್ಪುನೀರು ಎಷ್ಟೋ ಕಡೆ ಪಕ್ಕದ ಗಟಾರಕ್ಕೇ ಹೋಗಿ, ಅಲ್ಲಿಂದ ಮತ್ತೆ ಅದೇ ನೆಲಕ್ಕೆ ಇಂಗುತ್ತದೆ.

ಸವಳು-ಜವಳು

ಕೃಷ್ಣೆ, ಘಟಪ್ರಭೆ, ಮಲಪ್ರಭೆ ಕಾಲುವೆಗಳ ಕೆಳಗೆ, ಅಥಣಿ, ರಾಯಬಾಗ, ಜಮಖಂಡಿ, ಮುಧೋಳ, ಎಲ್ಲ ಕಡೆ ಸವಳು-ಜವಳು, ಅಂದ್ರೆ ಉಪ್ಪೇರಿ ನೀರು ನಿಂತ ನೆಲದ ಮಾತು ಕೇಳುತ್ತದೆ. ಒಂದು ಕಾಲಕ್ಕೆ ಬಂಗಾರದಂಥ ಹೊಲ, ಈಗ ಮೇಲೆ ಬಿಳಿ ಪದರ, ಕಾಲಿಟ್ಟರೆ ಜಿಗುಟು, ಕಬ್ಬು ಮೊಣಕಾಲೆತ್ತರಕ್ಕೆ ನಿಂತು ಹಳದಿಯಾಗುತ್ತದೆ. ಇಲ್ಲೂ ಅದೇ ಜಗಳ. "ಎರಿ ಮಣ್ಣಾಗ ಉಪ್ಪು ಇದ್ದದ್ದ" ಅನ್ನುವುದು ಒಂದು ಕಡೆ, "ಕಾಲುವೆ ಬಂದ ಮ್ಯಾಲೆ ಕೆಟ್ಟಿತು" ಅನ್ನುವುದು ಇನ್ನೊಂದು ಕಡೆ.

ಈ ಜಗಳ ಬಿಡಿಸಲು ದೊಡ್ಡ ಯಂತ್ರ ಬೇಕಿಲ್ಲ, ಒಂದು ಗುಂಡಿ ಸಾಕು. ಮಳೆಯನ್ನೇ ನಂಬಿದ ಎರೆಹೊಲದಲ್ಲಿ ಮಳೆನೀರು ಇಳಿಯುವಷ್ಟು ಆಳಕ್ಕೆ ಉಪ್ಪನ್ನು ತಳ್ಳಿರುತ್ತದೆ. ಹಾಗಾಗಿ ಉಪ್ಪು ಸಾಮಾನ್ಯವಾಗಿ ಕೆಳಗೆ ಜಾಸ್ತಿ, ಮೇಲೆ ಕಮ್ಮಿ. ಅದರ ಜೊತೆಗೆ ಸುಣ್ಣದ ಹರಳುಗಳೂ ಸಿಗುತ್ತವೆ. ಅದು ಸಹಜ. ಕಾಲುವೆ ನೀರು ಸುರಿದು ಸುರಿದು ಅಂತರ್ಜಲ ಒಂದೂವರೆ, ಎರಡು ಮೀಟರ್ ತನಕ ಮೇಲೆ ಬಂದ ಹೊಲದಲ್ಲಿ ಕತೆ ತಿರುವುಮುರುವು. ನೀರು ಮಣ್ಣಿನ ಸಣ್ಣ ರಂಧ್ರಗಳಲ್ಲಿ ಮೇಲಕ್ಕೇರಿ, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಅಲ್ಲಿ ಉಪ್ಪು ಮೇಲೆ ಜಾಸ್ತಿ, ಕೆಳಗೆ ಕಮ್ಮಿ. ಪ್ರತಿ ಒಂದು ಅಡಿಗೆ ಒಂದು ಮುಷ್ಟಿ ಮಣ್ಣು ತೆಗೆದು ವಿದ್ಯುತ್ ವಾಹಕತೆ (ಉಪ್ಪು ಜಾಸ್ತಿ ಇದ್ದಷ್ಟೂ ಇದು ಜಾಸ್ತಿ) ಅಳೆಸಿದರೆ ಉಪ್ಪಿನ ದಿಕ್ಕು ಗೊತ್ತಾಗುತ್ತದೆ. ಪಕ್ಕದಲ್ಲೇ ಕಾಲುವೆ ತಲುಪದ, ಅದೇ ಮಣ್ಣಿನ ಬೆದ್ದಲು ಹೊಲ ಇದ್ದರೆ ಅಲ್ಲೂ ಒಂದು ಗುಂಡಿ ತೆಗೆಯಿರಿ. ಅದೇ ನಿಮ್ಮ ಸಹಜ ಮಟ್ಟ.

ಕಾಲುವೆ ನೀರು ಒಳ್ಳೆಯದೇ ಅಲ್ವಾ, ಅದರಿಂದ ಉಪ್ಪು ಹೇಗೆ ಅಂತ ಕೇಳುವವರಿಗೆ ಒಂದು ಲೆಕ್ಕ. ಕಾಲುವೆ ನೀರಿನ ಟಿಡಿಎಸ್ 300 ಅಂದುಕೊಳ್ಳಿ, ಕುಡಿಯಲೂ ಚೆಂದದ ನೀರು. ಕಬ್ಬಿಗೆ ವರ್ಷಕ್ಕೆ 1500 ಮಿಲಿಮೀಟರ್ ಹಾಯಿಸಿದರೆ ಒಂದು ಹೆಕ್ಟೇರಿಗೆ 15,000 ಘನ ಮೀಟರ್ ನೀರು. ಅದರಲ್ಲಿ ಬರುವ ಉಪ್ಪು 4500 ಕೆಜಿ. ಎಕರೆಗೆ ಸುಮಾರು 18 ಕ್ವಿಂಟಲ್, ಪ್ರತಿ ವರ್ಷ. ಕಬ್ಬು ನೀರು ಕುಡಿಯುತ್ತದೆ, ಉಪ್ಪಿನ ಬಹುಭಾಗ ಬಿಡುತ್ತದೆ. ಬಸಿಗಾಲುವೆ ಇದ್ದರೆ ಅದು ಹೊರಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ. ಮಣ್ಣಿನಲ್ಲಿ ಮೊದಲೇ ಇದ್ದ ಉಪ್ಪನ್ನು ಕೆಳಗಿನಿಂದ ಏರಿದ ನೀರು ಮೇಲೆ ತರುವುದು ಬೇರೆ. ಹೀಗೆ ನೋಡಿದರೆ ಇಬ್ಬರೂ ಅರ್ಧರ್ಧ ಸರಿ. ಉಪ್ಪಿನ ಒಂದು ಪಾಲು ಮಣ್ಣಿನದೇ, ಆದರೆ ಅದನ್ನು ಬೇರಿನ ಹತ್ತಿರಕ್ಕೆ ಎಬ್ಬಿಸಿದ್ದು ನೀರು ಹಾಯಿಸಿದ ರೀತಿ. ಪರಿಹಾರದ ಹಣ ಕೇಳುವಾಗ, ಬಸಿಗಾಲುವೆ ಯೋಜನೆ ಕೇಳುವಾಗ ಈ ವ್ಯತ್ಯಾಸ ದೊಡ್ಡದು. "ಸಹಜ ಸವಳು" ಅಂತ ಕಡತದಲ್ಲಿ ಒಮ್ಮೆ ಬರೆದರೆ ಯಾರ ಹೊಣೆಯೂ ಉಳಿಯುವುದಿಲ್ಲ.

ಗಾಳಿಯ ದೂಳಿನದೂ ಇದೇ ಥರ. ಏಪ್ರಿಲ್‌ನಲ್ಲಿ ಉಳುಮೆ ಮಾಡಿದ ಹೊಲದಿಂದ ಎದ್ದ ಎರೆದೂಳು ದಪ್ಪ ಕಣ, ಅದರಲ್ಲಿ ಸಿಲಿಕಾನ್, ಅಲ್ಯುಮಿನಿಯಂ ಇರುತ್ತದೆ. ಕಬ್ಬಿನ ರವದಿ (ಒಣ ಎಲೆ) ಸುಟ್ಟ ಹೊಗೆ, ಲಾರಿಯ ಹೊಗೆ ಸಣ್ಣ ಕಣ, ಇಂಗಾಲ ಜಾಸ್ತಿ. ಬರೀ ದಪ್ಪ ಕಣದ ಅಂಕಿ ಹಿಡಿದು ಊರನ್ನು ಬೈಯುವ ಮೊದಲು ಸಣ್ಣ ಕಣದ ಅಂಕಿಯನ್ನೂ ಕೇಳಬೇಕು.

ಹಳೆಯ ಮಟ್ಟ ಎಲ್ಲಿ ಹುಡುಕುವುದು?

ಕಷ್ಟ ಇರುವುದು ಇಲ್ಲಿ. ದಶಕಗಳಿಂದ ಕಬ್ಬು, ಯೂರಿಯಾ, ಬೋರ್‌ವೆಲ್ ಇರುವ ತಾಲೂಕಿನಲ್ಲಿ ಮುಟ್ಟದ ಬಾವಿ ಸಿಗುವುದೇ ಕಷ್ಟ. ನೈಟ್ರೇಟ್ 10ರ ಜರಡಿ ಹಿಡಿದರೆ ಕೆಲವು ಕಡೆ ಒಂದು ಬಾವಿಯೂ ಉಳಿಯದೇ ಇರಬಹುದು. ಆಗ ಹಳೆಯ ದಾಖಲೆ ಹುಡುಕಬೇಕು. ಅಂತರ್ಜಲ ಇಲಾಖೆಯ ಹಳೆಯ ವೀಕ್ಷಣಾ ಬಾವಿಗಳ ಕಡತ ಇದೆ. ಹಳೆಯ ಗೆಜೆಟಿಯರ್ ಇದೆ. ಊರ ಹಿರಿಯರ ನೆನಪೂ ಕೆಲಸಕ್ಕೆ ಬರುತ್ತದೆ, ಸ್ವಲ್ಪ ಜರಡಿ ಹಿಡಿದು. ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಎಚ್ಚರಿಸಿದ್ದು ಇದನ್ನೇ: ಪ್ರತಿ ತಲೆಮಾರೂ ತಾನು ಕಣ್ಣುಬಿಟ್ಟಾಗ ಕಂಡದ್ದನ್ನೇ ಸಹಜ ಅಂದುಕೊಳ್ಳುತ್ತದೆ. ಬೋರ್‌ವೆಲ್ ಬಂದ ಮೇಲೆ ಹುಟ್ಟಿದವನಿಗೆ ಸವಳು ನೀರೇ ಮೊದಲಿನದು.

ಕೆರೆಯ ಹೂಳಿನಲ್ಲೂ ಹಳೆಯ ಮಟ್ಟ ಕೂತಿರುತ್ತದೆ. ಸ್ವೀಡನ್ನಿನ ಸರೋವರಗಳ ಹೂಳನ್ನು ಕೊಳವೆ ಹಾಕಿ ತೆಗೆದು ನೋಡಿದಾಗ ಅಲ್ಲಿ ಸೀಸ ಏರಲು ಶುರುವಾದದ್ದು ಕಾರ್ಖಾನೆ ಬಂದಾಗ ಅಲ್ಲ, 2600 ವರ್ಷಕ್ಕೂ ಹಿಂದೆ ಅಂತ ಗೊತ್ತಾಯಿತು. 1994ರಲ್ಲಿ ಅದು ಪ್ರಕಟವಾದ ಮೇಲೆ ಅಲ್ಲಿ ಸಹಜ ಸೀಸ ಎಷ್ಟು ಅನ್ನುವ ಲೆಕ್ಕವೇ ಕೆಳಗಿಳಿಯಿತು. ನಮ್ಮಲ್ಲೂ ಬಾದಾಮಿಯ ಅಗಸ್ತ್ಯ ತೀರ್ಥ ಇದೆ, ವಿಜಯಪುರದ ಸುತ್ತ ಆದಿಲಶಾಹಿ ಕಾಲದ ಕೆರೆಗಳಿವೆ. ಮುಟ್ಟದ ಹೂಳು ಇರುವ ಕಡೆ ಒಂದು ಕೊಳವೆ ತೆಗೆದು, ಸೀಸ-210 ವಿಕಿರಣದಿಂದ ಕಳೆದ ನೂರು ವರ್ಷದ ಪದರಗಳಿಗೆ ವಯಸ್ಸು ಹಾಕಬಹುದು. ಆದರೆ ಎಷ್ಟೋ ಕೆರೆಗಳ ಹೂಳನ್ನು ಎತ್ತಿ ಹೊಲಕ್ಕೆ ಹಾಕಿ ಆಗಿದೆ. ಕೆರೆಗೆ ಒಳ್ಳೆಯದಾಯಿತು, ಹೊಲಕ್ಕೂ ಒಳ್ಳೆಯದಾಯಿತು, ಇತಿಹಾಸ ಮಾತ್ರ ಟ್ರ್ಯಾಕ್ಟರ್ ಹತ್ತಿ ಹೋಯಿತು.

ಇದೆಲ್ಲ ಪುಸ್ತಕದ ಮಾತಾಗಿ ಉಳಿಯದಿರಲಿ ಅಂದ್ರೆ ಇದನ್ನು ಬಳಸುವ ಜಾಗ ಒಂದಿದೆ. ಹೊಸ ಕಾರ್ಖಾನೆ ಬರುವಾಗ ನಡೆಯುವ ಸಾರ್ವಜನಿಕ ಅಹವಾಲು ಸಭೆ. 2006ರ ಅಧಿಸೂಚನೆಯ ಪ್ರಕಾರ ಕಂಪನಿಯವರು ಪರಿಸರ ಪರಿಣಾಮದ ವರದಿ ತರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಹಂಗಾಮಿನ ಗಾಳಿ, ನೀರು, ಮಣ್ಣಿನ ಅಂಕಿ ಇರುತ್ತದೆ. ಅದು ಈಗಿನ ಸ್ಥಿತಿ, ಸಹಜ ಸ್ಥಿತಿ ಅಲ್ಲ. ಸುತ್ತ ಆಗಲೇ ನಾಲ್ಕು ಕಾರ್ಖಾನೆ ಇದ್ದರೆ ಅವುಗಳ ಕೊಡುಗೆಯೂ ಅದರಲ್ಲಿ ಸೇರಿಹೋಗಿರುತ್ತದೆ. ಐದನೆಯವರು ಅದರ ಮೇಲೆ "ನಮ್ಮಿಂದ ಹೆಚ್ಚಾಗುವುದು ಇಷ್ಟೇ" ಅಂತ ತೋರಿಸುತ್ತಾರೆ. ಆರನೆಯವರು ಐವರ ಮೇಲೆ. ಪ್ರತಿಯೊಬ್ಬರದೂ ಚಿಕ್ಕ ಪಾಲು, ಪ್ರತಿಯೊಬ್ಬರೂ ಮಿತಿಯೊಳಗೆ.

ಆ ಸಭೆಯಲ್ಲಿ ಸಿಟ್ಟಿನ ಭಾಷಣಕ್ಕೆ ಉತ್ತರ ಬರೆಯುವುದು ಸುಲಭ, ಅವರಿಗೆ ಅದು ರೂಢಿಯಾಗಿದೆ. ಪ್ರಶ್ನೆಗೆ ಉತ್ತರ ಬರೆಯುವುದು ಕಷ್ಟ, ಸಭೆಯ ನಡಾವಳಿಯಲ್ಲಿ ಅದು ದಾಖಲೂ ಆಗಬೇಕು. ಈ ಬಾವಿಗಳ ಆಳ ಎಷ್ಟು, ಯಾವ ಕಲ್ಲಿನಲ್ಲಿವೆ ಅಂತ ಕೇಳಿ. ಮೇ ತಿಂಗಳದ್ದೂ ನವೆಂಬರಿನದ್ದೂ ಅಂಕಿ ಎಲ್ಲಿ ಅಂತ ಕೇಳಿ. ಮಣ್ಣಿನ ಲೋಹಕ್ಕೆ ಯಾವ ಕಲ್ಲಿನ ಅಂಕಿ ಇಟ್ಟುಕೊಂಡು ಹೋಲಿಸಿದ್ದೀರಿ, ಕೆಳಗಿನ ಮಣ್ಣು ಅಳೆದಿದ್ದೀರಾ ಅಂತ ಕೇಳಿ. ನದಿಯ ಮೇಲ್ಭಾಗದ ಮಾದರಿ ಅಂತ ತೋರಿಸಿದ ಜಾಗವನ್ನು ನಕ್ಷೆಯಲ್ಲಿ ಹುಡುಕಿ. ಅದು ಇನ್ನೊಂದು ಕಾರ್ಖಾನೆಯ ಹಳ್ಳ ನದಿಗೆ ಸೇರುವ ಜಾಗಕ್ಕಿಂತ ಕೆಳಗಿದ್ದರೆ, ಆ ಮಾದರಿ ಬಿಟ್ಟು ಮೇಲಿನದು ತನ್ನಿ ಅನ್ನಿ.